ಮೇಜಿನ ಹೊಟ್ಟೆಯಲ್ಲಿ ರಾಜನ ಸರ

ಮೂವತ್ತನಾಲ್ಕು ವರ್ಷ ಊರವರ ನೆಲಮಾಳಿಗೆಗಳಿಗೆ ಇಳಿದು ನೀರಿನ ಮೀಟರ್ ಓದಿದ ಮನುಷ್ಯನಿಗೆ ನಿವೃತ್ತಿಯ ನಂತರ ಓದಲು ಏನೂ ಉಳಿಯುವುದಿಲ್ಲ. ಲೋಟಾರ್ ಕ್ವಾಸ್ಟ್ ಅವರ ಕಷ್ಟವೂ ಅದೇ. ಹೆಂಡತಿ ಗೆರ್ಲಿಂಡೆಯ ಮುಖವನ್ನು ಅವರು ಎಂದೂ ಓದಿದವರಲ್ಲ. ಅದರಲ್ಲಿ ಮುಳ್ಳಿಲ್ಲ, ಅಂಕಿಯಿಲ್ಲ. ಹೀಗಿರುವಾಗ ಅವರ ಸೋದರತ್ತೆ ಅಡೆಲ್‌ಹೈಡ್ ತೀರಿಕೊಂಡು, ಆಕೆಯ ಹಳೆಯ ಬರೆಯುವ ಮೇಜು ಇವರ ಮುಂದಿನ ಕೋಣೆಗೆ ಬಂದು ಕೂತಿತು. ಅಂದಿನಿಂದ ರೈನ್ ನದಿಯ ದಡದ ನಮ್ಮ ಲಿಂಡೆನ್‌ಫುರ್ಟಿಗೆ ಒಬ್ಬ ಪುರಾತನ ವಸ್ತು ಪಂಡಿತ ದೊರಕಿದ. ಊರು ಕೇಳಿರಲಿಲ್ಲ. ಆದರೂ ದೊರಕಿದ.

ಮೇಜು ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಬಳುಕಿದ ನಾಲ್ಕು ಕಾಲು, ಕಾಲಿನ ತುದಿಗೆ ಹಿತ್ತಾಳೆಯ ಗೊರಸು, ಎರಡು ಪಕ್ಕಕ್ಕೂ ಡ್ರಾಯರು, ನಡುವೆ ಮೊಣಕಾಲು ತೂರಿಸಿ ಕೂರಲು ಜಾಗ. ಮೇಲಿನ ಹಲಗೆಯ ತುಂಬ ಮರದ ಚಿತ್ತಾರ. ಹತ್ತಾರು ಬಣ್ಣದ ಮರವನ್ನು ಹಾಳೆಯಾಗಿ ಸೀಳಿ, ಕೂದಲೆಳೆಯಂಥ ಗರಗಸದಲ್ಲಿ ಎಲೆ, ಹೂವು, ಹಕ್ಕಿ ಕತ್ತರಿಸಿ, ಒಂದರ ಮಗ್ಗುಲಿಗೆ ಒಂದನ್ನು ಅಂಟಿನಲ್ಲಿ ಕೂರಿಸುವ ಕೆಲಸ ಅದು. ನಡುವೆ ಒಬ್ಬ ಚೀನೀ ಮನುಷ್ಯ ಬೆನ್ನಿಗೆ ಜಡೆ ಬಿಟ್ಟು, ಕೊಡೆ ಹಿಡಿದು, ಗಿಳಿಯೊಂದಕ್ಕೆ ಏನೋ ಬುದ್ಧಿ ಹೇಳುತ್ತ ನಿಂತಿದ್ದ.

ಅತ್ತೆಯ ಕೊನೆಯ ಒಂಬತ್ತು ವರ್ಷ ಆಕೆಗೆ ಗಂಜಿ ಕಾಯಿಸಿ, ತಲೆ ಬಾಚಿ, ಆ ಮೇಜನ್ನೂ ಒರೆಸಿದವಳು ಗೆರ್ಲಿಂಡೆ. ಕ್ವಾಸ್ಟ್ ಕ್ರಿಸ್‌ಮಸ್ಸಿಗೆ ಹೋಗಿ ಹೆಬ್ಬಾತಿನ ತೊಡೆ ತಿಂದು ಬರುತ್ತಿದ್ದರು. ಆದರೆ ಮೇಜು ಮನೆಗೆ ಬಂದ ಸಂಜೆಯೇ ಅವರು ಹೆಂಡತಿಗೆ ಹೇಳಿದ ಮಾತು ಬೀದಿಗೆಲ್ಲ ಕೇಳಿಸಿತು.

"ಗೆರ್ಲಿಂಡೆ, ಇದು ಇತಿಹಾಸ. ಮುಟ್ಟಬೇಡ!"

"ಧೂಳು ಕೂರುತ್ತಲ್ರೀ."

"ಕೂರಲಿ. ಅದೂ ಇತಿಹಾಸದ್ದೇ."

ಅವರ ಗೋಡೆಗೆ ತಾಗಿದ್ದೇ ನನ್ನ ಕಾರ್ಯಾಗಾರ. ಹಳೆಯ ಮರದ ಸಾಮಾನು ದುರಸ್ತಿ ಮಾಡುವುದು ನಮ್ಮ ಮನೆಯ ಮೂರು ತಲೆಮಾರಿನ ಕಸುಬು. ತಾತ ರೂಪ್ರೆಕ್ಟ್ ಡೀಲ್ಮನ್ನಿನ ಉಳಿಗಳಿಂದಲೇ ಇಂದಿಗೂ ಮೊಮ್ಮಗಳಾದ ನನ್ನ ಮಕ್ಕಳ ಊಟ ನಡೆಯುತ್ತದೆ. ಆದ್ದರಿಂದ ಮೇಜನ್ನು ನೋಡಲು ಮೊದಲ ಕರೆ ನನಗೇ ಬಂತು. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ದಪ್ಪ ಕಂಬಳಿ ಬಟ್ಟೆಯ ಚಪ್ಪಲಿ ತೊಡಬೇಕಾಯಿತು. ಅರಮನೆ ನೋಡಲು ಹೋದವರಿಗೆ ನೆಲ ಗೀಚದಿರಲೆಂದು ಕೊಡುತ್ತಾರಲ್ಲ, ಅಂಥದ್ದು. ಹನ್ನೆರಡು ಜೊತೆ ಹೊಲಿದವಳು ಗೆರ್ಲಿಂಡೆ. ಕ್ವಾಸ್ಟರ ಮನೆಯ ನೆಲಕ್ಕೆ ಇದ್ದದ್ದು ಪ್ಲಾಸ್ಟಿಕ್ ಹಾಸು.

ನಾನು ಕನ್ನಡಕ ಏರಿಸಿ, ಮೇಲಿನ ಹಲಗೆಯ ಅಂಚನ್ನು ಉಗುರಿನಲ್ಲಿ ಸವರಿದೆ.

"ಕ್ವಾಸ್ಟ್ ಅವ್ರೇ, ಹಳೇ ಕಾಲದವ್ರು ಮರದ ಹಾಳೇನ ಕೈಗರಗಸದಲ್ಲಿ ಸೀಳ್ತಿದ್ರು. ನಾಣ್ಯದಷ್ಟು ದಪ್ಪ ಇರ್ತಿತ್ತು. ಇದು ಈರುಳ್ಳಿ ಸಿಪ್ಪೆ, ಯಂತ್ರದಲ್ಲಿ ಸೀಳಿದ್ದು. ಆಮೇಲೆ ಈ ಎಲೆಗಳ ನೆರಳು ನೋಡಿ. ಅವ್ರು ಬಿಸಿ ಮರಳಲ್ಲಿ ಎಲೆ ಅಂಚು ಅದ್ದಿ, ಸುಟ್ಟೂ ಸುಡದ ಹಾಗೆ ಕಂದು ತರಿಸ್ತಿದ್ರು. ಇಲ್ಲಿ ಮಸಿ ಬಳಿದಿದಾರೆ. ಇದನ್ನ ಅಂಟಿಸಿದವನು ಯಾವನೋ ಅಡ್ಡಕಸುಬಿ."

"ಅಂದ್ರೆ?"

"ನೂರು ವರ್ಷ ಆಗಿದ್ರೆ ಹೆಚ್ಚು. ಒಳ್ಳೇ ಮೇಜು. ಕೂತು ಕಾಗದ ಬರೀರಿ."

ಕ್ವಾಸ್ಟ್ ನನ್ನನ್ನು ಕನಿಕರದಿಂದ ನೋಡಿದರು. "ಡೀಲ್ಮನ್ ಅವ್ರೇ, ನೀವು ಅಂಟಿನ ಡಬ್ಬಿಯವ್ರು. ಇದು ವಿದ್ವಾಂಸರ ವಿಷಯ," ಎಂದರು. ಗೆರ್ಲಿಂಡೆ ನನಗೆ ಪ್ಲಮ್ ಹಣ್ಣಿನ ಕೇಕು ಕಟ್ಟಿ ಕೊಟ್ಟಳು. ವಿದ್ವತ್ತಿಗಿಂತ ಅದು ಚೆನ್ನಾಗಿತ್ತು.

ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ಕಾಫಿಗೆಂದು ನೆರೆಹೊರೆಯವರಿಗೆ ಆಹ್ವಾನ. ಕಾಫಿ ಒಂದು ಬಟ್ಟಲು, ಇತಿಹಾಸ ಎರಡು ಗಂಟೆ. ಹೈನೋ ಕ್ರಾಲ್ಮನ್ ಒಬ್ಬರೇ ಎದುರು ಪ್ರಶ್ನೆ ಕೇಳುವ ಧೈರ್ಯದವರು. ಅವರು ನಮ್ಮ ಬೀದಿಯ ಕಸಾಯಿ, ಊರಿನ ಬಂದೂಕು ಗುರಿಕಾರರ ಸಂಘದ ಅಧ್ಯಕ್ಷರೂ ಹೌದು.

"ಇವ್ರು ಯಾರು, ಕೊಡೆ ಹಿಡ್ಕೊಂಡಿರೋರು?"

"ಆ ಕಾಲದಲ್ಲಿ ನಮ್ಮ ಸೀಮೆ ಆಳ್ತಿದ್ದ ರಾಜಕುಮಾರರು," ಎಂದರು ಕ್ವಾಸ್ಟ್.

"ರಾಜಕುಮಾರನಿಗೆ ಜಡೆ?"

"ಆಗಿನ ಷೋಕಿ."

"ಕೊಡೆ ಯಾಕೆ?"

"ಯಾಕ್ರೀ, ರೈನ್ ದಂಡೇಲಿ ಮಳೆ ಬರಲ್ವಾ?"

ಮಳೆ ಬರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಪ್ರದರ್ಶನದ ಮುಕ್ತಾಯ ಯಾವಾಗಲೂ ಗುಪ್ತ ಡ್ರಾಯರು. ಒಂದು ದಿನ ಮೇಜಿಗೆ ಒರಗಿ ಕಾಲುಚೀಲ ಎಳೆದುಕೊಳ್ಳುವಾಗ ಕ್ವಾಸ್ಟರ ಮೊಣಕೈ ಹಿತ್ತಾಳೆಯ ಹೂವೊಂದನ್ನು ಒತ್ತಿ, ಮುಂಪಟ್ಟಿಯಿಂದ ಒಂದು ಡ್ರಾಯರು ಟಪ್ಪನೆ ಹಾರಿ ಬಂದಿತ್ತು. ಅದನ್ನು ಅವರು 'ನನ್ನ ಸಂಶೋಧನೆ' ಎಂದು ಕರೆಯುತ್ತಿದ್ದರು, ರಾಜಕುಮಾರರು ಗುಟ್ಟಿನ ಪತ್ರ ಇಡುತ್ತಿದ್ದದ್ದು ಇದರಲ್ಲೇ ಎನ್ನುತ್ತಿದ್ದರು. ಜನರ ಎದುರು ಬೆರಳು ಮೇಲೆತ್ತಿ, ಕಣ್ಣು ಮುಚ್ಚಿ, ಹೂವು ಒತ್ತುವರು. ಟಪ್. ಡ್ರಾಯರು ಒಂದು ಗೇಣು ಹೊರಬರುವುದು. ಒಂದೇ ಗೇಣು, ಅದಕ್ಕಿಂತ ಹೆಚ್ಚು ಎಳೆಯಲು ಅವರು ಯಾರನ್ನೂ ಬಿಟ್ಟವರಲ್ಲ. ಒಂದು ಸಲ ಗೆರ್ಲಿಂಡೆ ಕಾಫಿ ಬಗ್ಗಿಸುತ್ತ, "ಅದು ಹೊಸದಲ್ಲ ಕಣ್ರೀ, ಅತ್ತೆ ಅದ್ರಲ್ಲಿ..." ಎಂದು ಬಾಯಿ ತೆರೆದಳು.

"ನೀನು ಹಾಲು ತಾ," ಎಂದರು ಕ್ವಾಸ್ಟ್.

ಅವಳು ಹಾಲು ತಂದಳು.

ಇಷ್ಟಕ್ಕೇ ನಿಂತಿದ್ದರೆ ಕಥೆ ಒಂದು ಮನೆಯ ಕಾಫಿಯಲ್ಲಿ ಮುಗಿಯುತ್ತಿತ್ತು. ಆದರೆ ಕ್ವಾಸ್ಟರಿಗೆ ಸರ್ಕಾರದ ಮುದ್ರೆ ಬೇಕಾಯಿತು. ನಮ್ಮಲ್ಲಿ ಮುದ್ರೆ ಬೀಳದ ಸತ್ಯಕ್ಕೆ ನಾಯಿಯೂ ಬಾಲ ಅಲ್ಲಾಡಿಸುವುದಿಲ್ಲ. ಮೇಜನ್ನು ರಕ್ಷಿತ ಪುರಾತನ ವಸ್ತುವೆಂದು ಘೋಷಿಸಬೇಕೆಂದು ಅವರು ಜಿಲ್ಲೆಯ ಸ್ಮಾರಕ ರಕ್ಷಣಾ ಕಚೇರಿಗೆ ನಲವತ್ತೊಂದು ಪುಟದ ಅರ್ಜಿ ಬರೆದರು. ಕೊಡೆಯ ಬಗ್ಗೆಯೇ ಆರು ಪುಟ. ಕಚೇರಿಯಿಂದ ಎರಡು ತಿಂಗಳು ಉಸಿರಿಲ್ಲ.

ಅಷ್ಟರಲ್ಲಿ ಗುರಿಕಾರರ ಹಬ್ಬ ಬಂತು.

ನಮ್ಮ ಹಬ್ಬದಲ್ಲಿ ಎತ್ತರದ ಕಂಬದ ತುದಿಗೆ ಮರದ ಹಕ್ಕಿ ಕೂರಿಸುತ್ತಾರೆ. ಸಂಘದವರು ಸರದಿಯಲ್ಲಿ ಗುಂಡು ಹೊಡೆಯುತ್ತ ಹೋಗುವರು. ಹಕ್ಕಿಯ ಕೊನೆಯ ಚೂರು ಯಾರ ಗುಂಡಿಗೆ ಬೀಳುತ್ತದೋ ಅವನೇ ವರ್ಷದ ರಾಜ, ಅವನ ಹೆಂಡತಿಯೇ ರಾಣಿ. ರಾಜನಿಗೆ ಸಂಘದ ಬೆಳ್ಳಿ ಸರ. ಹಿಂದಿನ ಒಬ್ಬೊಬ್ಬ ರಾಜನೂ ತನ್ನ ಗುರುತಿನ ಒಂದು ಬಿಲ್ಲೆ ಮಾಡಿಸಿ ಅದಕ್ಕೆ ಸೇರಿಸಿದ್ದರಿಂದ ಸರ ಈಗ ನಾಲ್ಕು ಕಿಲೋ ತೂಗುತ್ತದೆ. ರೊಟ್ಟಿಯವನ ಬಿಲ್ಲೆಯಲ್ಲಿ ರೊಟ್ಟಿ, ದೋಣಿಯವನದರಲ್ಲಿ ಲಂಗರು, ಕ್ರಾಲ್ಮನ್ನರ ಅಪ್ಪನದರಲ್ಲಿ ಹಂದಿ. ಕ್ರಾಲ್ಮನ್ ಮೂರು ವರ್ಷದಿಂದ ತಮ್ಮ ಹಂದಿಗಾಗಿ ಕಾದಿದ್ದರು. ಈ ವರ್ಷ ಹಕ್ಕಿಯ ಬಾಲದ ಒಂದೇ ಒಂದು ಚಕ್ಕೆ ಉಳಿದಾಗ ಸರದಿ ಬಂದದ್ದು ಕ್ವಾಸ್ಟರಿಗೆ. ಅವರು ಬಂದೂಕು ಎತ್ತಿದರು, ಸೀನು ಬಂತು, ಗುಂಡು ಹಾರಿತು, ಚಕ್ಕೆ ಬಿತ್ತು.

ಹೊಡೆದವರು ಕ್ವಾಸ್ಟೋ ಸೀನೋ ಎಂದು ಸಂಘ ಒಂದು ಗಂಟೆ ಚರ್ಚಿಸಿತು. ನಿಯಮ ಪುಸ್ತಕದಲ್ಲಿ ಸೀನಿನ ಪ್ರಸ್ತಾಪ ಇರಲಿಲ್ಲ. ಹೀಗೆ ಲೋಟಾರ್ ಕ್ವಾಸ್ಟ್ ರಾಜರಾದರು.

ನಗುವವರು ನಗಲಿ, ಅಂದು ಅವರ ಕಣ್ಣಲ್ಲಿ ನೀರಿದ್ದದ್ದನ್ನು ನಾನು ಕಂಡೆ. ಮೂವತ್ತನಾಲ್ಕು ವರ್ಷ ಎಲ್ಲರ ಮನೆಯ ಹಿಂಬಾಗಿಲಿಂದ ಒಳಗೆ ಹೋದವರು. ಮುಂದಿನ ಭಾನುವಾರ ಬೀದಿಯ ನಡುವೆ, ವಾದ್ಯದ ಹಿಂದೆ, ಎದೆಯ ಮೇಲೆ ಬೆಳ್ಳಿ ಹೊತ್ತು ನಡೆಯುವವರಿದ್ದರು.

ಸೋಮವಾರ ಮಧ್ಯಾಹ್ನ ಸಂಘದ ಆರು ಜನ ಸರವನ್ನು ಮನೆಗೆ ತಂದು ಒಪ್ಪಿಸಿದರು. ಆರೂ ಜನ ಕಂಬಳಿ ಚಪ್ಪಲಿ ತೊಟ್ಟರು. ಸರವನ್ನು ಗೋಡೆಯ ಮೊಳೆಗೆ ನೇತುಹಾಕುವುದು ಹಿಂದಿನ ರಾಜರ ಪದ್ಧತಿ. ನಮ್ಮ ರಾಜರಿಗೆ ಮೊಳೆ ಸಾಲದಾಯಿತು.

"ಮಹನೀಯರೇ, ರಾಜಕುಮಾರರ ಗುಟ್ಟಿನ ಪತ್ರ ಇದ್ದ ಜಾಗದಲ್ಲೇ ಇವತ್ತು ನಮ್ಮೂರ ಸರ!" ಎಂದು ಘೋಷಿಸಿ, ಹೂವು ಒತ್ತಿ, ಡ್ರಾಯರು ತೆರೆದು, ನಾಲ್ಕು ಕಿಲೋ ಬೆಳ್ಳಿಯನ್ನು ಅದರೊಳಗೆ ತುರುಕಿ, ಅಂಗೈಯಿಂದ ಒತ್ತಿ ಮುಚ್ಚಿದರು. ಟಕ್.

"ಈಗ ನೋಡಿ," ಎಂದು ಬೆರಳು ಎತ್ತಿ, ಕಣ್ಣು ಮುಚ್ಚಿ, ಹೂವು ಒತ್ತಿದರು.

ಏನೂ ಆಗಲಿಲ್ಲ.

ಮತ್ತೆ ಒತ್ತಿದರು. ಕಣ್ಣು ಬಿಟ್ಟು ಒತ್ತಿದರು. ಎರಡು ಹೆಬ್ಬೆರಳಿನಿಂದ ಒತ್ತಿದರು.

"ರಾಜಕುಮಾರರು ಒಳಗಿಂದ ಚಿಲಕ ಹಾಕ್ಕೊಂಡ್ರೇನೋ," ಎಂದರು ಕ್ರಾಲ್ಮನ್.

"ಮೇಜಿಗೆ ಸ್ವಲ್ಪ ಸಂಕೋಚ," ಎಂದರು ಕ್ವಾಸ್ಟ್. ಅವರ ಹಣೆಯಲ್ಲಿ ಬೆವರು ಮೂಡಿತ್ತು. "ಹೊಸಬರ ಎದುರು ಹೀಗಾಗುತ್ತೆ."

ಕ್ರಾಲ್ಮನ್ ಕಂಬಳಿ ಚಪ್ಪಲಿ ಕಳಚಿ ಬದಿಗಿಟ್ಟರು. "ನೋಡ್ರೀ ಕ್ವಾಸ್ಟ್, ಸಂಘದ ನಿಯಮ ನಿಮ್ಗೂ ಗೊತ್ತು. ಭಾನುವಾರ ಹತ್ತು ಗಂಟೆಗೆ ಚರ್ಚಿನ ಬಾಗಿಲಲ್ಲಿ ಸರ ಇಲ್ದೆ ನಿಂತವನು ರಾಜ ಅಲ್ಲ. ಪಟ್ಟ ಎರಡನೇ ಗುರಿಕಾರನಿಗೆ."

"ಎರಡನೇ ಗುರಿಕಾರ ಯಾರು?" ಎಂದು ಕೇಳಿದರು ಕ್ವಾಸ್ಟ್, ಗೊತ್ತಿದ್ದೂ.

"ನಿಮ್ಗಿಂತ ಮುಂಚೆ ಹೊಡೆದೋನು. ಸೀನದೇ ಇದ್ದೋನು," ಎಂದು ಕ್ರಾಲ್ಮನ್ ತಮ್ಮ ಎದೆ ತಟ್ಟಿಕೊಂಡರು.

ಸಂಜೆಯೊಳಗೆ ಸುದ್ದಿ ಊರ ತುಂಬಿತು. ಬೀಗದವನು ಬಂದು, ಬೀಗವೇ ಇಲ್ಲವೆಂದು ಹೋದ. ಪಾದ್ರಿಗಳು ಬಂದು, ಕಳೆದ ವಸ್ತುಗಳ ಸಂತ ಅಂತೋನಿಗೆ ಮೊರೆ ಹೋಗಿ ಎಂದರು. ವಸ್ತು ಕಳೆದಿಲ್ಲ, ಎಲ್ಲಿದೆ ಎಂದು ಗೊತ್ತಿದೆ ಎಂದಾಗ, ಹಾಗಾದರೆ ಇದು ನನ್ನ ಇಲಾಖೆಯಲ್ಲ ಎಂದು ಹೋದರು. ಕ್ವಾಸ್ಟರ ತಂಗಿ ಪಕ್ಕದ ಊರಿಂದ ಫೋನು ಮಾಡಿ, "ಅತ್ತೆ ನನಗೇ ಕೊಡ್ತೀನಂದಿದ್ದ ಮೇಜು ಅದು, ನಿನ್ನ ಕಂಡ್ರೆ ಅದಕ್ಕಾಗಲ್ಲ," ಎಂದಳು. ಕ್ರಾಲ್ಮನ್ ಮೂಳೆ ಕೊಯ್ಯುವ ಗರಗಸ ಹಿಡಿದು ಎರಡು ಸಲ ಕಿಟಕಿಯ ಮುಂದೆ ಹಾದುಹೋದರು, ಸಹಾಯಕ್ಕೆ ಎನ್ನುತ್ತಿದ್ದರು.

ಗೆರ್ಲಿಂಡೆ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಕೈ ಒರೆಸುತ್ತ ಬಂದಳು. "ರೀ, ನಾನೊಂದು ಸಲ..."

"ಮುಟ್ಟಬೇಡ ಅಂದೆನಲ್ಲ!" ಎಂದು ಕಿರುಚಿದರು ರಾಜರು. "ಇಷ್ಟು ಜನ ಗಂಡಸರಿಗೆ ಆಗದ್ದು ನಿನ್ನಿಂದ ಆಗುತ್ತಾ?"

ಗೆರ್ಲಿಂಡೆ ತಿರುಗಿ ಅಡುಗೆಮನೆಗೆ ಹೋಗಿ, ಆಲೂಗಡ್ಡೆ ಸಿಪ್ಪೆ ಹೆರೆಯತೊಡಗಿದಳು. ಬಹಳ ದಪ್ಪ ಸಿಪ್ಪೆ ಹೆರೆಯುತ್ತಿದ್ದಳು ಎಂದು, ಉಳಿದವರಂತೆ ನೋಡಲು ಬಂದಿದ್ದ ನನಗೆ ಆಗಲೇ ಅನ್ನಿಸಿತ್ತು. ಆದರೆ ನಾನೂ ಅವಳನ್ನು ಏನೂ ಕೇಳಲಿಲ್ಲ. ನಾನು ಕಸುಬಿನವಳಲ್ಲವೇ, ಕೇಳುವುದೆಂದರೇನು?

ಮಂಗಳವಾರ ಬೆಳಿಗ್ಗೆ ನನ್ನನ್ನು ಕರೆಸಿದರು. ತಂತಿ ತೂರಿಸಿ ನೋಡಿದೆ, ದೀಪ ಹಿಡಿದೆ, ಕಿವಿಯಿಟ್ಟು ತಟ್ಟಿದೆ. ಡ್ರಾಯರು ಒಳಗೆಲ್ಲೋ ಕಚ್ಚಿಕೊಂಡಿತ್ತು.

"ಹಿಂಭಾಗದ ಹಲಗೇಲಿ ಕೈ ಹೋಗುವಷ್ಟು ಕೊಯ್ತೀನಿ," ಎಂದೆ. "ಆಮೇಲೆ ಕಾಣದ ಹಾಗೆ ಮುಚ್ಚಿ ಕೊಡ್ತೀನಿ. ಒಂದು ಗಂಟೆ ಕೆಲಸ."

ಕ್ವಾಸ್ಟ್ ಮೇಜನ್ನು ನೋಡಿದರು, ಗೋಡೆಯ ಕ್ಯಾಲೆಂಡರಿನ ಭಾನುವಾರವನ್ನು ನೋಡಿದರು. "ಕೊಯ್ಯಿರಿ," ಎಂದು ಮುಖ ಆಚೆ ತಿರುಗಿಸಿದರು.

ಗರಗಸ ಹಲಗೆಗೆ ತಾಗುವುದಕ್ಕೂ ಅಂಚೆಯವಳು ಬಾಗಿಲು ತಟ್ಟುವುದಕ್ಕೂ ಸರಿಹೋಯಿತು. ಸಹಿ ಹಾಕಿ ಪಡೆಯಬೇಕಾದ ಹಳದಿ ಲಕೋಟೆ. ಕ್ವಾಸ್ಟ್ ಗಟ್ಟಿಯಾಗಿ ಓದಿದರು:

"ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಅಂತಿಮ ತೀರ್ಮಾನವಾಗುವವರೆಗೆ ಸದರಿ ಮೇಜನ್ನು ತಾತ್ಕಾಲಿಕವಾಗಿ ರಕ್ಷಿತ ವಸ್ತುವೆಂದು ಪರಿಗಣಿಸಲಾಗಿದ್ದು, ಅದನ್ನು ಕೊಯ್ಯುವುದು, ಕೊರೆಯುವುದು, ಬಿಚ್ಚುವುದು, ಸ್ಥಳಾಂತರಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ. ತೀರ್ಮಾನಕ್ಕೆ ಸುಮಾರು ಹದಿನಾಲ್ಕು ವಾರ ಹಿಡಿಯುತ್ತದೆ."

ನಾನು ಗರಗಸವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡೆ. ಮೂರು ತಲೆಮಾರಿನ ಕಸುಬಿನಲ್ಲಿ ನಮ್ಮವರು ಯಾರೂ ಜೈಲಿಗೆ ಹೋಗಿಲ್ಲ.

ಕ್ವಾಸ್ಟ್ ಬುಧವಾರ ಇಡೀ ದಿನ ಕಚೇರಿಗೆ ಫೋನು ಮಾಡಿದರು. ಗುರುವಾರ ಅಳುವ ದನಿಯಲ್ಲಿ ಮಾಡಿದರು. ಕೊನೆಗೆ ಅಲ್ಲಿಯ ತಜ್ಞರು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಹೋಗಲು ಒಪ್ಪಿದರು. ಆದರೆ ಶುಕ್ರವಾರ ಹನ್ನೆರಡಕ್ಕೆ ಕಚೇರಿಯ ವಾರ ಮುಗಿಯುತ್ತದೆ. ಆಮೇಲೆ ಪ್ರಳಯವಾದರೂ ಅದು ಸೋಮವಾರದ ಪ್ರಳಯ.

ತಜ್ಞರ ಹೆಸರು ಡಾಕ್ಟರ್ ವೆಂಡೆಲಿನ್ ರೋಡೆ. ಜ್ವರದ ಡಾಕ್ಟರಲ್ಲ, ಪೀಠೋಪಕರಣದ ಡಾಕ್ಟರು. ಅವರು ಬಂದಾಗ ಕೋಣೆಯಲ್ಲಿ ಕಂಬಳಿ ಚಪ್ಪಲಿ ಹನ್ನೆರಡೂ ಜೊತೆ ಮುಗಿದು, ಉಳಿದ ಜನ ಕಿಟಕಿಗೆ ಜೋತುಬಿದ್ದಿದ್ದರು. ಡಾಕ್ಟರು ಮೇಜಿನ ಸುತ್ತ ಎರಡು ಸುತ್ತು ಬಂದು, ಕೊಡೆಯ ಮುಂದೆ ನಿಂತು, ಬಹಳ ಹೊತ್ತು "ಹೂಂ" ಎಂದರು.

"ಅದ್ಭುತ. ನಿಮ್ಮ ಅರ್ಜಿ ಪೂರ್ತಿ ಓದಿದೀನಿ ಕ್ವಾಸ್ಟ್ ಅವ್ರೇ. ಕೊಡೆಯ ವಿಚಾರದಲ್ಲಿ ನನಗೆ ನಿಮ್ಮದೇ ಅಭಿಪ್ರಾಯ."

ಹೋದ ವಾರ ಈ ಮಾತು ಕೇಳಿದ್ದರೆ ಕ್ವಾಸ್ಟ್ ಅಲ್ಲೇ ಸ್ವರ್ಗಸ್ಥರಾಗುತ್ತಿದ್ದರು. ಈಗ ಅವರ ಮುಖ ಬಿಳಿಚಿತು.

"ಡಾಕ್ಟ್ರೇ, ನಾನು ಬರೆದಿದ್ದು ತಪ್ಪು."

"ವಿನಯ ಬೇಡ."

"ವಿನಯ ಅಲ್ಲ ಸ್ವಾಮೀ, ಇದು ಕಸ!"

"ಕಸ ಅಂತ ನಲವತ್ತೊಂದು ಪುಟ ಯಾರು ಬರೀತಾರೆ?"

"ನಾನು ಬರೀತೀನಿ! ಬೇರೆ ಕೆಲಸ ಇರ್ಲಿಲ್ಲ ನಂಗೆ! ಡೀಲ್ಮನ್ ಅವ್ರೇ, ಹೇಳ್ರೀ, ಈರುಳ್ಳಿ ಸಿಪ್ಪೆ ಅಂದ್ರಲ್ಲ, ಆ ಅಡ್ಡಕಸುಬಿ ಅಂದ್ರಲ್ಲ, ಹೇಳ್ರೀ!"

ಇಂಥ ಅವಕಾಶ ದಿನಾ ಬರುವುದಿಲ್ಲ. ಅಂಟಿನ ಡಬ್ಬಿಯವರಿಗಂತೂ ಬರುವುದೇ ಇಲ್ಲ. ನಾನು ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಹಾಳೆಯ ದಪ್ಪ, ಮಸಿಯ ನೆರಳು ಎಲ್ಲವನ್ನೂ ಡಾಕ್ಟರಿಗೆ ಪಾಠ ಮಾಡಿದೆ. "ಇಂಥ ಕೆಲಸ ಮಾಡಿದವನ ಕೈಗೆ ಉಳಿ ಕೊಡಬಾರದಿತ್ತು," ಎಂದು ಮುಗಿಸಿದೆ. ಕಿಟಕಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಮತ್ತೆ ರಾಜಕುಮಾರರು?" ಎಂದರು ಡಾಕ್ಟರು.

"ಚೀನಾದವ್ನು!" ಎಂದು ಕ್ವಾಸ್ಟ್ ಬಾಯಿ ಬಡಿದುಕೊಂಡರು. "ಕಣ್ಣಿದ್ದವರಿಗೆ ಕಾಣಲ್ವೇನ್ರೀ? ಜಡೆ ಇದೆ!"

"ಅದೇ ನಾನು ಮೊದಲ ದಿನಾನೇ ಕೇಳಿದ್ದು," ಎಂದರು ಕ್ರಾಲ್ಮನ್. ಆದರೆ ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಮೇಜು ಕಸವಾದರೆ ಕೊಯ್ಯಬಹುದು, ಕೊಯ್ದರೆ ಸರ ಸಿಗುತ್ತದೆ, ಸರ ಸಿಕ್ಕರೆ ಹಂದಿ ಇನ್ನೊಂದು ವರ್ಷ ಕಾಯಬೇಕು. ಅವರು ತಟ್ಟನೆ ಮಾತು ತಿರುಗಿಸಿದರು. "ಆದ್ರೆ ಡಾಕ್ಟ್ರೇ, ನಾನೂ ಆಮೇಲೆ ಯೋಚಿಸ್ದೆ. ಕೊಡೆ ನೋಡಿದ್ರೆ ರಾಜಕಳೆ ಇದೆ. ಅವಸರ ಮಾಡ್ಬೇಡಿ. ಹದಿನಾಲ್ಕು ವಾರ ತಗೊಳ್ಳಿ."

ಹೀಗೆ ಲಿಂಡೆನ್‌ಫುರ್ಟಿನಲ್ಲಿ ಅಂದು ಮೇಜಿನ ಒಡೆಯ ಅದನ್ನು ಉಗಿಯುತ್ತಿದ್ದ, ಕಸಾಯಿ ಅದನ್ನು ಹೊಗಳುತ್ತಿದ್ದ, ಡಾಕ್ಟರು ಗಡಿಯಾರ ನೋಡುತ್ತಿದ್ದರು. ಹನ್ನೆರಡಕ್ಕೆ ಹದಿನೈದು ನಿಮಿಷ. ಸತ್ಯಕ್ಕೆ ಎಷ್ಟು ಸಮಯ ಬೇಕೋ ಅಷ್ಟು ಸಮಯ ಇಲ್ಲದಾಗ ಸರ್ಕಾರ ತೀರ್ಮಾನ ಕೈಗೊಳ್ಳುತ್ತದೆ. ಡಾಕ್ಟರು ಚೀಲದಿಂದ ನಮೂನೆ ತೆಗೆದರು.

"ಅರ್ಜಿ ಹಿಂಪಡೀತೀರಾ?"

"ಪಡೀತೀನಿ."

"ಸದರಿ ಮೇಜಿಗೆ ಯಾವುದೇ ಪ್ರಾಚೀನತೆ, ಕಲಾಮೌಲ್ಯ ಇಲ್ಲ ಅಂತ ಒಪ್ಪಿ ಸಹಿ ಹಾಕಿ. ತಜ್ಞರ ಜಾಗದಲ್ಲಿ ನೀವೂ ಹಾಕಿ, ಡೀಲ್ಮನ್ ಅವ್ರೇ."

ಕ್ವಾಸ್ಟ್ ಹಾಕಿದರು. ನಾನೂ ಹಾಕಿದೆ, ದೊಡ್ಡ ಅಕ್ಷರದಲ್ಲಿ. ಡಾಕ್ಟರು ಮುದ್ರೆಯನ್ನು ಬಾಯಿಂದ ಊದಿ ಬಡಿದರು. ಧಡ್. ಮೇಜು ಅಧಿಕೃತವಾಗಿ ಕಸವಾಯಿತು. ಕ್ವಾಸ್ಟ್ ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಗರಗಸ ಎತ್ತಿದೆ.

"ಒಂದ್ನಿಮಿಷ," ಎಂಬ ದನಿ ಬಂತು.

ಗೆರ್ಲಿಂಡೆ ಕಾಫಿಯ ತಟ್ಟೆಯನ್ನು ನೇರವಾಗಿ ಆ ಚೀನೀ ಮನುಷ್ಯನ ತಲೆಯ ಮೇಲೆ ಇಟ್ಟಳು.

"ಸ್ವಾಮೀ, ಈಗ ಇದು ಕಸ ತಾನೇ?"

"ಹೌದು ತಾಯಿ," ಎಂದರು ಡಾಕ್ಟರು.

"ಮುದ್ರೆ ಬಿತ್ತಲ್ಲ?"

"ಬಿತ್ತು."

ಅವಳು ಗಂಡನ ಕಡೆ ತಿರುಗಿದಳು. "ಹಾಗಾದ್ರೆ ನಾನು ಮುಟ್ಟಬಹುದಾ?"

ಗೆರ್ಲಿಂಡೆ ಒಂದು ಕುರ್ಚಿ ಎಳೆದು, ಮೇಜಿನ ಮುಂದೆ ಕೂತು, ಕಾಲು ಒಳಗೆ ತೂರಿಸಿ, ಬಲ ಮೊಣಕಾಲನ್ನು ಕೆಳಗಿಂದ ಮೇಲಕ್ಕೆ ಒತ್ತಿ, ಒಂದು ಬೆರಳಲ್ಲಿ ಹಿತ್ತಾಳೆ ಹೂವನ್ನು ತಟ್ಟಿದಳು.

ಟಪ್.

ಡ್ರಾಯರು ನಾಲ್ಕು ಕಿಲೋ ಬೆಳ್ಳಿಯನ್ನು ಹೊತ್ತು ಅವಳ ಮಡಿಲಿಗೆ ಬಂತು.

"ಭಾರ ಹಾಕಿದ್ರೆ ತಳ ಜಗ್ಗಿ ಕಚ್ಚಿಕೊಳ್ಳುತ್ತೆ," ಎಂದಳು ಗೆರ್ಲಿಂಡೆ, ಸರವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತ. "ಅತ್ತೆ ಇದ್ರಲ್ಲಿ ಚೆರಿ ಹಣ್ಣಿನ ಬ್ರಾಂದಿ ಬಾಟ್ಲಿ ಇಡ್ತಿದ್ರು. ತುಂಬಿದ ಬಾಟ್ಲಿ ಇದ್ರೆ ಹೀಗೇ. ಕೆಳಗಿಂದ ಮೊಣಕಾಲು ಕೊಡ್ಬೇಕು. ಒಂಬತ್ತು ವರ್ಷ ದಿನಕ್ಕೆರಡು ಸಲ ಕೊಟ್ಟಿದೀನಿ."



"ಸೋಮವಾರಾನೇ ಯಾಕೆ ಹೇಳ್ಲಿಲ್ಲ?" ಎಂದರು ಕ್ವಾಸ್ಟ್, ನೀರಿನ ಕೊಳಾಯಿ ಕೊನೆಗೊಮ್ಮೆ ಗೊರಗುಟ್ಟುವ ದನಿಯಲ್ಲಿ.

"ಸೋಮವಾರ ಇದು ಇತಿಹಾಸ ಆಗಿತ್ತಲ್ಲ."

ಕಿಟಕಿಯಿಂದ ಮೂರು ಜನ ನಗುತ್ತ ಕೆಳಗೆ ಬಿದ್ದರು. ಆ ಗದ್ದಲದಲ್ಲಿ ನಾನು ಮಾಡಬಾರದ ಒಂದು ಕೆಲಸ ಮಾಡಿದೆ. ಖಾಲಿ ಡ್ರಾಯರನ್ನು ಪೂರ್ತಿ ಹೊರಗೆಳೆದು ಬೆಳಕಿಗೆ ಹಿಡಿದೆ. ಅದರ ಹಿಂಬದಿಯ ತಳದಲ್ಲಿ, ಇನ್ನೂರೈವತ್ತು ವರ್ಷ ಬಿಸಿಲು ಕಾಣದೆ ಉಳಿದ ಒಂದು ಹೂಗೊಂಚಲು. ಮೇಲಿನ ಹಲಗೆಯಲ್ಲಿ ಎಲ್ಲ ಬಣ್ಣವೂ ಮಾಸಿ ಕಂದು. ಇಲ್ಲಿ ಬಣ್ಣಕ್ಕದ್ದಿದ ಮರದ ಎಲೆ ಇನ್ನೂ ಹಸಿರಾಗಿ, ಹೂವು ನೀಲಿಯಾಗಿತ್ತು. ಎಲೆಯ ಅಂಚಿನಲ್ಲಿ ಬಿಸಿ ಮರಳು ಮುಟ್ಟಿದ ಮೆತ್ತನೆಯ ಕಂದು ನೆರಳು. ಹಾಳೆ ನಾಣ್ಯದಷ್ಟು ದಪ್ಪ. ಇಂಥ ಕೆಲಸವನ್ನು ನಾನು ಕಸುಬಿಗಿಳಿದ ಮೇಲೆ ಎರಡೇ ಸಲ ಕಂಡದ್ದು, ಎರಡೂ ಸಲ ಗಾಜಿನ ಆಚೆ.

ಮೇಜು ಅಸಲಿಯೇ. ಮೇಲಿನ ಹಲಗೆಯ ಹಾಳೆಯನ್ನು ಮಾತ್ರ ಯಾರೋ ನಂತರ ಬದಲಿಸಿದ್ದರು.

ಯಾರು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಡ್ರಾಯರಿನ ಹಿಂಪಟ್ಟಿಯಲ್ಲಿ ಸೀಸದ ಕಡ್ಡಿಯಲ್ಲಿ ಬರೆದಿತ್ತು: "1926. ಮೇಲಿನ ಚಿತ್ತಾರ ಹಾಳಾಗಿತ್ತು, ಹಳೆಯದನ್ನು ನೋಡಿ ಹೊಸದು ಅಂಟಿಸಿದ್ದೇನೆ. ಮದುವೆಗೆ ಬೇಕೆಂದು ಮನೆಯವರು ಅವಸರ ಮಾಡಿದರು. ಮರಳು ಕಾಯಿಸಲು ಪುರುಸೊತ್ತಿರಲಿಲ್ಲ, ಮಸಿ ಬಳಿದೆ. ದೇವರು ಕ್ಷಮಿಸಲಿ. ರೂಪ್ರೆಕ್ಟ್ ಡೀಲ್ಮನ್."

ನನ್ನ ತಾತ.

ನನ್ನ ಹೆಗಲ ಮೇಲಿಂದ ಓದುತ್ತಿದ್ದ ಡಾಕ್ಟರು ರೋಡೆ ಮೊದಲು ಹೂಗೊಂಚಲನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಮುದ್ರೆಯ ಕಾಗದವನ್ನು, ಆಮೇಲೆ ಗಡಿಯಾರವನ್ನು. ಹನ್ನೆರಡು ಹೊಡೆಯಲು ಎರಡು ನಿಮಿಷ.

"ಒಳಗೆ ತಳ್ಳಿ," ಎಂದರು ಮೆಲ್ಲಗೆ.

"ಡಾಕ್ಟ್ರೇ, ಇದು..."

"ನಾನು ನೋಡಿಲ್ಲ. ನೀವೂ ನೋಡಿಲ್ಲ. ನಿಮ್ಮ ಸಹಿ, ನನ್ನ ಮುದ್ರೆ ಎರಡೂ ಬಿದ್ದಿದೆ." ಅವರು ಕಂಬಳಿ ಚಪ್ಪಲಿಯಲ್ಲೇ ರಸ್ತೆಗಿಳಿದು ಹೋದರು. ಗೆರ್ಲಿಂಡೆಗೆ ಈಗ ಹನ್ನೊಂದೇ ಜೊತೆ.

ನಾನು ಡ್ರಾಯರನ್ನು ಒಳಗೆ ತಳ್ಳಿದೆ. ಅಡ್ಡಕಸುಬಿಯ ಮೊಮ್ಮಗಳು ಮಾಡಬಹುದಾದದ್ದು ಅಷ್ಟೇ. ಹೊರಡುವಾಗ ಗೆರ್ಲಿಂಡೆ ಎಂದಿನಂತೆ ಪ್ಲಮ್ ಕೇಕು ಕಟ್ಟಿ ಕೊಟ್ಟು, ನನ್ನ ಕಿವಿಯ ಹತ್ತಿರ, "ಒಳಗಿನ ಹಸಿರು ಚೆನ್ನಾಗಿದೆ ಅಲ್ವಾ? ನಾನು ವರ್ಷಗಳಿಂದ ನೋಡ್ತಿದೀನಿ," ಎಂದಳು.

ಭಾನುವಾರ ಹತ್ತು ಗಂಟೆಗೆ ಚರ್ಚಿನ ಬಾಗಿಲಲ್ಲಿ ಸರ ಇತ್ತು, ಸರದ ಒಳಗೆ ಕ್ವಾಸ್ಟ್ ಇದ್ದರು. ವಾದ್ಯ ಶುರುವಾಯಿತು. ಬೀದಿಯ ಎರಡೂ ಬದಿಯಲ್ಲಿ ಜನ ಕೈಬೀಸುತ್ತ, ಮೊಣಕಾಲು ಎತ್ತಿ ತೋರಿಸುತ್ತಿದ್ದರು. ರಾಜರು ಅದನ್ನು ಹೊಸ ಬಗೆಯ ವಂದನೆ ಎಂದು ತಿಳಿದು ತಲೆಬಾಗುತ್ತ ನಡೆದರು. ಅವರ ತೋಳು ಹಿಡಿದ ರಾಣಿ ಮಾತ್ರ ನೇರ ಮುಂದೆ ನೋಡುತ್ತಿದ್ದಳು.

ಉಳಿದದ್ದು ಬಿಲ್ಲೆಯ ವಿಷಯ. ಮೇಜಿನ ಮೇಲೆ ಕಿರೀಟವಿರುವ ಬಿಲ್ಲೆಗೆ ಕ್ವಾಸ್ಟ್ ಮೊದಲೇ ನಕ್ಷೆ ಬರೆದಿಟ್ಟಿದ್ದರು. ಕಸವೆಂದು ಸರ್ಕಾರದ ಮುದ್ರೆ ಬಿದ್ದ ವಸ್ತುವನ್ನು ಸರಕ್ಕೆ ಸೇರಿಸಲು ಬಿಡೆವೆಂದು ಸಂಘ ಹಟ ಹಿಡಿಯಿತು. ನೀರಿನ ಮೀಟರು ಬೇಡವೆಂದು ಕ್ವಾಸ್ಟ್ ಹಟ ಹಿಡಿದರು. ಮೂರು ಸಭೆ ನಡೆದ ಮೇಲೆ ಕ್ರಾಲ್ಮನ್ ರೇಗಿ, "ಹಾಗಾದ್ರೆ ರಾಣೀನೇ ಕೇಳ್ರಯ್ಯ!" ಎಂದರು. ಸರಕ್ಕೆ ಮುನ್ನೂರು ವರ್ಷವಾಗುತ್ತ ಬಂತು. ಯಾವ ರಾಣಿಯನ್ನಾದರೂ ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಗೆರ್ಲಿಂಡೆ ಯೋಚಿಸಲೂ ಇಲ್ಲ. ಒಂದೇ ಪದ ಹೇಳಿದಳು.

ಈಗ ಆ ಸರದಲ್ಲಿ ಲಂಗರು, ರೊಟ್ಟಿ, ಹಂದಿಗಳ ಸಾಲಿನ ಕೊನೆಗೆ ಒಂದು ಬೆಳ್ಳಿಯ ಮೊಣಕಾಲು ತೂಗಾಡುತ್ತದೆ. ಇನ್ನೂರು ವರ್ಷ ಬಿಟ್ಟು ಯಾರೋ ಡಾಕ್ಟರು ಬಂದು, ಅದರ ಸುತ್ತ ಎರಡು ಸುತ್ತು ಹಾಕಿ, "ಹೂಂ" ಎಂದು, ಇದು ನಿಶ್ಚಯವಾಗಿ ರಾಜಕುಮಾರರದ್ದೇ ಮೊಣಕಾಲು ಎಂದು ಮುದ್ರೆ ಒತ್ತಿ ಹೋಗುತ್ತಾರೆ, ಹನ್ನೆರಡು ಹೊಡೆಯುವುದರೊಳಗೆ.